ಗಾಳಿಯ ಲೆಕ್ಕ: ಸೈಕಲ್ ರೇಸಿನಲ್ಲಿ ತಂಡ ಮತ್ತು ಬ್ರೇಕ್‌ಅವೇ

ಹಿಂದೂಪುರದಿಂದ ಮಡಕಶಿರಾ, ಅಲ್ಲಿಂದ ಕರ್ನಾಟಕದ ಪಾವಗಡ, ಮತ್ತೆ ಆಂಧ್ರದ ಕಲ್ಯಾಣದುರ್ಗ. ನೂರು ಕಿಲೋಮೀಟರಿಗೆ ಸ್ವಲ್ಪ ಮಿಕ್ಕುವ ಈ ದಾರಿ ಮಳೆನೆರಳಿನ ಸೀಮೆಯಲ್ಲಿ ಹಾದುಹೋಗುತ್ತದೆ. ಕಡಲೆಕಾಯಿ ಹೊಲಗಳ ನಡುವೆ ಮರಗಳ ಮರೆ ಕಡಿಮೆ. ಆಷಾಢದಲ್ಲಿ ಇಲ್ಲಿ ಮಳೆಗಿಂತ ಗಾಳಿಯೇ ಜೋರು. ಅನಂತಪುರ ಸೀಮೆಯ ರಾಮಗಿರಿ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಇದೇ ಗಾಳಿಯನ್ನು ನಂಬಿ. ಹಿಂದೂಪುರ ಬಿಟ್ಟ ಸೈಕಲ್ ಸವಾರನಿಗೆ ಆ ದಿನಗಳಲ್ಲಿ ಮಡಕಶಿರಾ ತಲುಪುವವರೆಗೆ ಎದುರುಗಾಳಿ. ಅಲ್ಲಿ ರಸ್ತೆ ಉತ್ತರಕ್ಕೆ ಹೊರಳಿದ ಮೇಲೆ ಅದೇ ಗಾಳಿ ಎಡಪಕ್ಕಕ್ಕೆ ಬಡಿಯುತ್ತದೆ. ವೃತ್ತಿಪರ ಸೈಕಲ್ ರೇಸಿನ ತಂತ್ರಗಳು ಬಹುಪಾಲು ಹುಟ್ಟಿದ್ದು ಈ ಎರಡು ಬಗೆಯ ಗಾಳಿಯಿಂದ. ಅದಕ್ಕೆ ಹೇಳಿ ಮಾಡಿಸಿದಂಥ ರಸ್ತೆ ನಮ್ಮ ಗಡಿಯಲ್ಲಿದೆ, ಗಟ್ಟಿ ಕಾಲುಗಳು ನಮ್ಮ ಉತ್ತರ ಕರ್ನಾಟಕದಲ್ಲಿವೆ. ತಂಡ ಕಟ್ಟಿಕೊಂಡು ಓಡಿಸುವ ವಿದ್ಯೆ ಮಾತ್ರ ಇನ್ನೂ ಬಲಿಯಬೇಕಿದೆ.

ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಓಡಿಸಿದರೆ ಶ್ರಮ ಮೂರನೇ ಒಂದರಷ್ಟು ಉಳಿಯುತ್ತದೆ ಎಂಬುದು ಸವಾರರಿಗೆಲ್ಲ ಗೊತ್ತಿರುವ ಅಂದಾಜು. ಬರ್ಟ್ ಬ್ಲಾಕೆನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು. 121 ಸವಾರರ ದಟ್ಟ ಗುಂಪಿನ ಒಡಲಲ್ಲಿ ಇರುವವನಿಗೆ ತಾಗುವ ಗಾಳಿಯ ತಡೆ, ಒಬ್ಬಂಟಿ ಸವಾರನಿಗೆ ತಾಗುವುದರ ಶೇ. 5ರಿಂದ 10ರಷ್ಟು ಮಾತ್ರ! ಹಾಗಿರುವಾಗ ಗುಂಪು ಬಿಟ್ಟು ಮುಂದೆ ನುಗ್ಗುವ ಬ್ರೇಕ್‌ಅವೇ ಗೆಲ್ಲುವುದಾದರೂ ಹೇಗೆ? ಉತ್ತರ ಹಿಂದುಳಿದವರ ಮನಸ್ಸಿನಲ್ಲಿದೆ. ಬೆನ್ನಟ್ಟಬೇಕಾದರೆ ಯಾರಾದರೂ ಮುಂದೆ ನಿಂತು ಗಾಳಿ ತಿನ್ನಬೇಕು. ಯಾರು ತಿನ್ನಬೇಕು ಎಂಬುದು ಇತ್ಯರ್ಥವಾಗದಿದ್ದರೆ ಓಡಿಹೋದವರು ದಕ್ಕಿಸಿಕೊಳ್ಳುತ್ತಾರೆ.

1903ರಲ್ಲಿ ಟೂರ್ ದ ಫ್ರಾನ್ಸ್ ಆರಂಭಿಸಿದ ಹೆನ್ರಿ ಡೆಗ್ರಾಂಜ್‌ಗೆ ಸವಾರರು ಒಬ್ಬರಿಗೊಬ್ಬರು ನೆರವಾಗುವ ಇಂಥ ಹೊಂದಾಣಿಕೆಗಳೆಂದರೆ ಆಗುತ್ತಿರಲಿಲ್ಲ. ಒಬ್ಬ ಮನುಷ್ಯನ ತಾಕತ್ತನ್ನು ಅಳೆಯುವ ಪರೀಕ್ಷೆ ಅವರಿಗೆ ಬೇಕಿತ್ತು. 1911ರಲ್ಲಿ ಮೋರಿಸ್ ಬ್ರೊಕೊ ಎಂಬ ಸವಾರ ಇನ್ನೊಬ್ಬನಿಗೆ ನೆರವಾದದ್ದಕ್ಕೆ ಅವನನ್ನು ಮನೆಯಾಳು ಎಂದು ಹೀಯಾಳಿಸಿದರು. ಆದರೆ ಗಾಳಿ ಡೆಗ್ರಾಂಜ್‌ರ ಆದರ್ಶಕ್ಕೆ ಸೊಪ್ಪು ಹಾಕಲಿಲ್ಲ. 1930ರಲ್ಲಿ ಅವರೇ ರಾಷ್ಟ್ರೀಯ ತಂಡಗಳ ಪದ್ಧತಿ ತಂದರು. ಅದರ ಬೆಲೆ ಏನೆಂಬುದು 1934ರಲ್ಲಿ ಕಂಡಿತು. ಇಪ್ಪತ್ತು ವರ್ಷದ ರೆನೆ ವಿಯೆತ್ತೊ, ಬೆಟ್ಟ ಹತ್ತುವುದರಲ್ಲಿ ಎಲ್ಲರನ್ನೂ ಮೀರಿಸುತ್ತಿದ್ದ ಹುಡುಗ, ಪಿರನೀಸ್ ಪರ್ವತದಲ್ಲಿ ತನ್ನ ಚಕ್ರ ಬಿಚ್ಚಿ ನಾಯಕ ಆಂತೊನಾಂ ಮಾನ್ಯ್‌ಗೆ ಕೊಟ್ಟ. ಬದಲಿ ಚಕ್ರ ಬರುವುದನ್ನು ಕಾಯುತ್ತ ರಸ್ತೆಬದಿಯ ಕಲ್ಲುಗೋಡೆಯ ಮೇಲೆ ಕಣ್ಣೀರಿಟ್ಟು ಕೂತ ಅವನ ಚಿತ್ರ ಇಂದಿಗೂ ಉಳಿದಿದೆ. ಆ ವರ್ಷ ಮಾನ್ಯ್ ಗೆದ್ದರು. ಫ್ರಾನ್ಸಿನ ಜನ ಮನಸ್ಸಿನಲ್ಲಿಟ್ಟುಕೊಂಡದ್ದು ವಿಯೆತ್ತೊನನ್ನು. ಸೈಕಲ್ ರೇಸಿನಲ್ಲಿ ಪದಕ ಒಬ್ಬನ ಕೊರಳಿಗೆ ಬೀಳುತ್ತದೆ, ಕೆಲಸ ಇಡೀ ತಂಡದ್ದು. ಬೇರೆ ಯಾವ ಆಟದಲ್ಲೂ ಈ ಅಸಮಾನತೆಯನ್ನು ಇಷ್ಟು ಬಹಿರಂಗವಾಗಿ ಒಪ್ಪಿಕೊಂಡದ್ದನ್ನು ನಾನು ಕಂಡಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳು ಒಬ್ಬಂಟಿಗರ ಕಾಲ. 1946ರ ಮಿಲಾನ್–ಸ್ಯಾನ್ ರೆಮೊ ರೇಸನ್ನು ಫಾಸ್ಟೊ ಕೊಪ್ಪಿ 14 ನಿಮಿಷಗಳ ಅಂತರದಿಂದ ಗೆದ್ದರು. ಮರುವರ್ಷ ಟೂರ್‌ನಲ್ಲಿ ಆಲ್ಬರ್ಟ್ ಬೂರ್ಲೋಂ 253 ಕಿ.ಮೀ. ಒಬ್ಬರೇ ಓಡಿ ಗುರಿ ಮುಟ್ಟಿದರು. ಆಮೇಲೆ ಕಂಪನಿಗಳ ತಂಡಗಳು ಬಲಿತವು, ಲೆಕ್ಕಾಚಾರ ಬಿಗಿಯಾಯಿತು. ಓಡಿಹೋದವರಿಗೆ ಉಳಿದ ಪ್ರತಿ 10 ಕಿ.ಮೀ.ಗೆ ಒಂದು ನಿಮಿಷದ ಮುನ್ನಡೆ ಬೇಕು ಎಂಬ ರೊಬೆರ್ ಶಪಾತ್ ಅವರ ಸೂತ್ರ ವೀಕ್ಷಕ ವಿವರಣೆಯಿಂದ ಎಲ್ಲರ ಬಾಯಿಗೆ ಬಂತು. 1990ರ ದಶಕದಲ್ಲಿ ಸವಾರರ ಕಿವಿಗೆ ರೇಡಿಯೊ ಬಂತು. ಕಾರಿನಲ್ಲಿ ಕೂತ ಮ್ಯಾನೇಜರ್ ಅಂತರ ಎಷ್ಟೆಂದು ಹೇಳುತ್ತಾನೆ, ಗುಂಪು ಅವಸರವಿಲ್ಲದೆ ಬೆನ್ನಟ್ಟುತ್ತದೆ, ಕೊನೆಯ ಕೆಲವು ಕಿಲೋಮೀಟರಿನಲ್ಲಿ ಬ್ರೇಕ್‌ಅವೇಯನ್ನು ನುಂಗುತ್ತದೆ. ರೇಡಿಯೊ ಆಟದ ಜೀವ ಹಿಂಡಿತು ಎಂಬ ಆರೋಪದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ.

ರೇಡಿಯೊ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಟೋಕಿಯೊ ಒಲಿಂಪಿಕ್ಸಿನ ಮಹಿಳಾ ರೇಸ್ ಸಾಕ್ಷಿ. 2021ರ ಜುಲೈ 25ರಂದು ಆಸ್ಟ್ರಿಯಾದ ಗಣಿತಜ್ಞೆ ಅನ್ನಾ ಕೀಸೆನ್‌ಹೋಫರ್ ಆರಂಭದಲ್ಲೇ ನುಗ್ಗಿದರು. ಆಗ ಅವರಿಗೆ ಯಾವ ವೃತ್ತಿಪರ ತಂಡದ ಒಪ್ಪಂದವೂ ಇರಲಿಲ್ಲ. ಸುಮಾರು 40 ಕಿ.ಮೀ. ಉಳಿದಿರುವಾಗ ಜೊತೆಗಾರರನ್ನೂ ಹಿಂದೆ ಹಾಕಿದರು. ಹಿಂದೆ ಇದ್ದದ್ದು ನೆದರ್ಲೆಂಡ್ಸಿನ ನಾಲ್ವರು, ಒಬ್ಬೊಬ್ಬರೂ ಗೆಲ್ಲಬಲ್ಲವರೇ. ಮುಂದೆ ಇನ್ನೊಬ್ಬಳಿದ್ದಾಳೆಂಬುದೇ ತಿಳಿಯದೆ, 75 ಸೆಕೆಂಡು ತಡವಾಗಿ ಬಂದ, ಆ ನಾಲ್ವರಲ್ಲಿ ಒಬ್ಬರಾದ ಅನೆಮೀಕ್ ವಾನ್ ವ್ಲೂಟೆನ್ ಗೆದ್ದೆನೆಂದು ಕೈಯೆತ್ತಿದರು.

ಅಡ್ಡಗಾಳಿಯ ತಂತ್ರವೇ ಬೇರೆ. ಗಾಳಿ ಎಡದಿಂದ ಬೀಸುತ್ತಿದ್ದರೆ ಮೊದಲನೆಯವನು ರಸ್ತೆಯ ಎಡ ಅಂಚು ಹಿಡಿಯುತ್ತಾನೆ. ಎರಡನೆಯವನು ಅವನ ಬಲಕ್ಕೆ ಅರ್ಧ ಹಿಂದೆ, ಮೂರನೆಯವನು ಇವನ ಬಲಕ್ಕೆ. ಹೀಗೆ ಓರೆ ಸಾಲು ಬಲ ಅಂಚಿನವರೆಗೂ ಚಾಚುತ್ತದೆ. ರಸ್ತೆಯ ಅಗಲ ಮುಗಿದಲ್ಲಿ ಮರೆಯೂ ಮುಗಿಯಿತು. ಉಳಿದವರು ಅಂಚಿನ ಮಣ್ಣಿಗೆ ತಾಗಿಕೊಂಡು ಒಬ್ಬರ ಹಿಂದೊಬ್ಬರು ಏದುಸಿರು ಬಿಡಬೇಕು. ಅಲ್ಲಿ ಒಬ್ಬ ಸೋತರೆ ಸಾಲು ಅಲ್ಲೇ ಹರಿಯುತ್ತದೆ. 2013ರ ಟೂರ್‌ನ 13ನೇ ಹಂತದಲ್ಲಿ ಬೆಟ್ಟದ ಸುಳಿವೂ ಇರಲಿಲ್ಲ. ಆದರೂ ಒಟ್ಟಾರೆ ಎರಡನೇ ಸ್ಥಾನದಲ್ಲಿದ್ದ ಸವಾರ ವಾಲ್ವೆರ್ದೆ ಅಡ್ಡಗಾಳಿಯಲ್ಲಿ ಚಕ್ರ ಕೆಟ್ಟು ಹಿಂದುಳಿದು ಸುಮಾರು 10 ನಿಮಿಷ ಕಳೆದುಕೊಂಡರು. 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮರುಭೂಮಿಯ ಅಡ್ಡಗಾಳಿಗೆ ಗುಂಪನ್ನು ಒಡೆದವರು ಬೆಲ್ಜಿಯಂ ಸವಾರರು, ಗೆದ್ದವರು ಪೀಟರ್ ಸಗಾನ್.

ಅದೇ ದೋಹಾದಲ್ಲಿ ಬೆಂಗಳೂರಿನ ನವೀನ್ ಜಾನ್ ಭಾರತದ ಪರ ಟೈಮ್ ಟ್ರಯಲ್ ಓಡಿದರು. ಗಡಿಯಾರದ ಎದುರು ಒಬ್ಬನೇ ಓಡುವ ಈ ಸ್ಪರ್ಧೆಯೇ ನಮ್ಮವರ ಬಲ. ಬೆಂಗಳೂರಿನಿಂದ 2008ರಲ್ಲಿ ಶುರುವಾದ ಟೂರ್ ಆಫ್ ನೀಲ್ಗಿರೀಸ್‌ನಲ್ಲೂ ಕಲ್ಹಟ್ಟಿ ಘಾಟಿಯ ಏರು ಒಬ್ಬೊಬ್ಬರ ಕಾಲಿನ ಕಸುವನ್ನೇ ಅಳೆಯುತ್ತದೆ. ಲೇಪಾಕ್ಷಿ ಕಡೆಗೆ ಬರುವ ಬೆಂಗಳೂರಿನ ಹವ್ಯಾಸಿಗಳು ಗಾಳಿಯ ಪಾಳಿ ಹಂಚಿಕೊಂಡರೂ ಅವರದು ರೇಸಲ್ಲ.

ನಿಜವಾದ ಗುಂಪಿನ ಓಟ ಇರುವುದು ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಜಾತ್ರೆಯ ಸೈಕಲ್ ಶರ್ಯತ್ತುಗಳಲ್ಲಿ. ಗೇರಿಲ್ಲದ ಸಾದಾ ಸೈಕಲ್ಲು, ನಗದು ಬಹುಮಾನ, ಅಕ್ಕಪಕ್ಕ ಬೈಕುಗಳಲ್ಲಿ ಕೂಗುವ ಊರಿನವರು. ಅಲ್ಲಿ ಬೆಳೆದ ಹುಡುಗ ಹುಡುಗಿಯರು ಕ್ರೀಡಾ ಹಾಸ್ಟೆಲ್ ಸೇರಿ ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ, ಒಳ್ಳೆಯವರು ರೈಲ್ವೆ ಅಥವಾ ಸೇನೆಯ ನೌಕರಿ ಹಿಡಿಯುತ್ತಾರೆ. ತಂಡವಾಗಿ ಓಡುವುದನ್ನು ಕಲಿಯುವುದು ಆಮೇಲೆ, ಅಲ್ಲಿ. ಕರ್ನಾಟಕದ ಅಂಗಿ ತೊಟ್ಟು ಐವರು ಒಂದೇ ಯೋಜನೆಗೆ ದುಡಿಯುವ ಅವಕಾಶ ಅಪರೂಪ.

2026ರ ಜನವರಿಯಲ್ಲಿ ಪುಣೆ ಗ್ರ್ಯಾಂಡ್ ಟೂರ್ ಬಂತು. ಐದು ದಿನಗಳ ಅಂತರರಾಷ್ಟ್ರೀಯ ದರ್ಜೆಯ ರೇಸ್ ನಮ್ಮ ನೆರೆಯಲ್ಲೇ ನಡೆದದ್ದು ದೊಡ್ಡ ಮಾತು. ಆದರೆ ವರ್ಷಕ್ಕೊಮ್ಮೆ ಬರುವ ಹಬ್ಬದಿಂದ ಅಡ್ಡಗಾಳಿಯಲ್ಲಿ ಸಾಲು ಕಟ್ಟುವುದನ್ನು ಕಲಿಯಲಾಗದು. ಬೇಕಾದದ್ದು ಚಿಕ್ಕ ರೇಸುಗಳು, ಪದೇ ಪದೇ. ಆಷಾಢದ ಒಂದು ಭಾನುವಾರ ಎರಡು ರಾಜ್ಯಗಳ ಪೊಲೀಸರು ಬೆಳಗಿನ ಮೂರು ನಾಲ್ಕು ತಾಸು ರಸ್ತೆ ಬಿಡಿಸಿಕೊಟ್ಟರೆ, ಐದೈದು ಜನರ ಹತ್ತು ತಂಡಗಳನ್ನು ರೇಡಿಯೊ ಇಲ್ಲದೆ ಹಿಂದೂಪುರದಿಂದ ಬಿಡಬಹುದು. ಮಡಕಶಿರಾವರೆಗಿನ ಎದುರುಗಾಳಿಯಲ್ಲಿ ಓಡಿಹೋಗುವ ಧೈರ್ಯ ಯಾರಿಗೂ ಬಾರದಿರಬಹುದು. ಪಾವಗಡ ದಾಟಿದ ಮೇಲೆ ಕಲ್ಯಾಣದುರ್ಗದವರೆಗಿನ ಬಯಲಿನಲ್ಲಿ, ಎಡ ಅಂಚು ಹಿಡಿಯಲು ಮೊದಲು ಎದ್ದ ತಂಡವೇ ರೇಸನ್ನು ಒಡೆಯುತ್ತದೆ.