ಮೋಡದೊಳಗಿನ ಬೈಕ್ ರೇಸ್: ಪೈಕ್ಸ್ ಪೀಕ್ ಬೆಟ್ಟದ ಕಥೆ

ಘಾಟಿ ರಸ್ತೆಯಲ್ಲಿ ಬೈಕ್ ಓಡಿಸುವ ಹುಡುಗರು ನಮ್ಮಲ್ಲೂ ಬೇಕಾದಷ್ಟು ಇದ್ದಾರೆ. ಆದರೆ ರಸ್ತೆ ಬಂದ್ ಮಾಡಿ, ಒಬ್ಬೊಬ್ಬರನ್ನೇ ಬಿಟ್ಟು, ಬೆಟ್ಟ ಹತ್ತಲು ಎಷ್ಟು ಸಮಯ ಹಿಡಿಯಿತು ಎಂದು ಅಳೆಯುವ ಪಂದ್ಯವೇ ಬೇರೆ. ಇದಕ್ಕೆ ಹಿಲ್ ಕ್ಲೈಂಬ್ ಅನ್ನುತ್ತಾರೆ. ಹೊಸಬರು ಇದಕ್ಕೆ ಇಳಿದರೆ ಏನೇನು ಕಲಿಯಬೇಕಿತ್ತು ಎಂದು ತಿಳಿಯಲು ನಾವು ಅಮೆರಿಕದ ಕೊಲೊರಾಡೊ ರಾಜ್ಯದ ಪೈಕ್ಸ್ ಪೀಕ್ ಬೆಟ್ಟದ ಚರಿತ್ರೆ ನೋಡೋಣ.

ಸ್ಪೆನ್ಸರ್ ಪೆನ್ರೋಸ್ ಎಂಬ ಶ್ರೀಮಂತ ಈ ಬೆಟ್ಟದ ತುದಿವರೆಗೆ ವಾಹನ ಹೋಗುವ ರಸ್ತೆ ಮಾಡಿಸಿದ. ಪ್ರವಾಸಿಗರು ಬರಬೇಕಲ್ಲ? ಅದಕ್ಕೇ 1916ರಲ್ಲಿ ರೇಸ್ ಇಟ್ಟ. ನೇರವಾಗಿ ಹೇಳಿದರೆ ಅದೊಂದು ಜಾಹೀರಾತು! ಆ ಮೊದಲ ವರ್ಷವೇ ಬೈಕ್‌ಗಳೂ ಓಡಿದವು. ಎಕ್ಸೆಲ್ಸಿಯರ್ ಬೈಕ್ ಮೇಲೆ ಗೆದ್ದ ಫ್ಲಾಯ್ಡ್ ಕ್ಲೈಮರ್‌ಗೆ ಆಗಿನ್ನೂ 20 ವರ್ಷ. ಮುಂದೆ ಇದೇ ಕ್ಲೈಮರ್ ವಾಹನ ರಿಪೇರಿ ಪುಸ್ತಕಗಳ ಪ್ರಕಾಶಕನಾಗಿ ಹೆಸರು ಮಾಡಿದ. ಆಮೇಲೆ ಬಹಳ ವರ್ಷ ಬೈಕ್‌ಗಳಿಗೆ ಅಲ್ಲಿ ಜಾಗ ಇರಲಿಲ್ಲ, ನಡುನಡುವೆ ಬಂದು ಹೋದವು.

ದಾರಿ ಸುಮಾರು 20 ಕಿಲೋಮೀಟರ್, ತಿರುವುಗಳು 156. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,330 ಅಡಿ. ಅಲ್ಲಿ ರೇಸ್ ಶುರುವಾಗುವುದೇ 9,390 ಅಡಿಯಲ್ಲಿ, ಮುಗಿಯುವುದು 14,115 ಅಡಿಯಲ್ಲಿ! ಮೇಲೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್‌ಗೆ ದಮ್ಮು ಕಟ್ಟುತ್ತದೆ, ಸುಮಾರು ಮೂರನೇ ಒಂದು ಭಾಗ ಶಕ್ತಿ ಹೋಗುತ್ತದೆ. ಕಾರ್ಬುರೇಟರನ್ನು ಕೆಳಗಿನ ಗಾಳಿಗೆ ಸೆಟ್ ಮಾಡಿದ್ದರೆ ಮೇಲೆ ಪೆಟ್ರೋಲ್ ಜಾಸ್ತಿಯಾಗಿ ಬೈಕ್ ಮುಗ್ಗರಿಸುತ್ತದೆ. 2013ರಲ್ಲಿ ಪೆಟ್ರೋಲ್ ಬೈಕ್‌ಗಳನ್ನೆಲ್ಲ ಎಲೆಕ್ಟ್ರಿಕ್ ಬೈಕ್ ಒಂದು ಸೋಲಿಸಿತು. ಬ್ಯಾಟರಿಗೆ ಗಾಳಿಯ ಹಂಗಿಲ್ಲ ನೋಡಿ.

ಹೊಸಬರಿಗೆ ಇದಕ್ಕಿಂತ ದೊಡ್ಡ ಕಷ್ಟ ರಸ್ತೆ ಬಾಯಿಪಾಠ ಮಾಡುವುದು. ಅದು ಪ್ರವಾಸಿಗರು ಓಡಾಡುವ ಟೋಲ್ ರಸ್ತೆ. ಹಾಗಾಗಿ ಗೇಟು ತೆಗೆಯುವ ಮುಂಚೆ, ಬೆಳಗಿನ ಜಾವ ಮಾತ್ರ ಅಭ್ಯಾಸ, ಅದೂ ಒಂದು ದಿನಕ್ಕೆ ರಸ್ತೆಯ ಒಂದು ತುಂಡು. ಬುಡದಿಂದ ತುದಿವರೆಗೆ ಪೂರ್ತಿ ವೇಗದಲ್ಲಿ ಹತ್ತುವುದು ರೇಸ್ ದಿನವೇ, ಒಂದೇ ಸಲ. ಎಷ್ಟೋ ಕಡೆ ತಡೆಗೋಡೆಯೂ ಇಲ್ಲ.

ಮೊದಲು ಮಣ್ಣು ರಸ್ತೆ. 2012ರ ಹೊತ್ತಿಗೆ ಪೂರ್ತಿ ಟಾರು ಬಿತ್ತು. ಅದೇ ವರ್ಷ ಕಾರ್ಲಿನ್ ಡನ್ 10 ನಿಮಿಷದೊಳಗೆ ಬೆಟ್ಟ ಹತ್ತಿದ ಮೊದಲ ಬೈಕ್ ಸವಾರರಾದರು. ಟಾರು ವೇಗ ಕೊಟ್ಟಿತು, ತಪ್ಪು ತಿದ್ದಿಕೊಳ್ಳುವ ಸಮಯ ಕಿತ್ತುಕೊಂಡಿತು ಎಂದು ನಮಗನ್ನಿಸುತ್ತದೆ.

2018ರಲ್ಲಿ ಡನ್ ಗೆದ್ದದ್ದು ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ. ಎರಡನೆಯವರಾಗಿ ಬಂದ ರೆನ್ನಿ ಸ್ಕೇಸ್‌ಬ್ರೂಕ್ ನಮ್ಮದೇ ಕಸುಬಿನವರು, ಬೈಕ್ ಪತ್ರಕರ್ತ. ಮರುವರ್ಷ ಅವರು 9 ನಿಮಿಷ 44 ಸೆಕೆಂಡಿನಲ್ಲಿ ಹತ್ತಿ ಬೈಕ್ ದಾಖಲೆ ಮಾಡಿದರು. ಅದೇ ದಿನ, ಗುರಿ ಕಾಣುವಷ್ಟು ಹತ್ತಿರದಲ್ಲಿ, ಡನ್ ಬಿದ್ದು ತೀರಿಕೊಂಡರು. ನಾಲ್ಕು ಸಲ ಗೆದ್ದಿದ್ದವರು, ವಯಸ್ಸು 36. ಆ ರಸ್ತೆ ಅವರಿಗೆ ಗೊತ್ತಿಲ್ಲದ್ದೇನಲ್ಲ.

ಮರುವರ್ಷ ಸಂಘಟಕರು ಬೈಕ್ ವಿಭಾಗ ಕೈಬಿಟ್ಟರು, 2021ರಲ್ಲಿ ಶಾಶ್ವತವಾಗಿ ನಿಲ್ಲಿಸಿದರು. ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಬೈಕ್‌ಗಳ ಹಿಲ್ ಕ್ಲೈಂಬ್ ಈಗಲೂ ಇದೆ. ಪೈಕ್ಸ್ ಪೀಕ್‌ನಲ್ಲಿ ಕಾರುಗಳು ಮಾತ್ರ ಹತ್ತುತ್ತಿವೆ.