ಬೇಲಿಯ ಮೇಲೆ ಕುಳಿತವರು

‘ಸಿಟ್ಟಿಂಗ್ ಆನ್ ದಿ ಫೆನ್ಸ್’ ಎಂಬ ಇಂಗ್ಲಿಷ್ ನುಡಿಗಟ್ಟಿಗೆ ಎರಡು ಪಕ್ಷಗಳಲ್ಲಿ ಯಾವುದನ್ನೂ ಸೇರದೆ ಉಳಿಯುವುದು ಎಂದರ್ಥ. ಅವರದು ಮರದ ಬೇಲಿ, ಕೂರಬಹುದು. ನಮ್ಮ ಸೀಮೆಯ ಮುಳ್ಳುಬೇಲಿಯ ಮೇಲೆ ಕೂರುವವರುಂಟೆ? ‘ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ’ ಎಂಬುದು ಇದಕ್ಕೆ ಸಮೀಪವಾದರೂ ಅದು ಮಾತಿಗೆ ಸಲ್ಲುತ್ತದೆ, ಇದು ನಡತೆಗೆ.

ಪ್ರಿಯ ವಿದ್ಯಾರ್ಥಿಗಳೇ, ಇದರ ನಿದರ್ಶನ ನಮ್ಮ ಪಾಂಡವಪುರ ತಾಲ್ಲೂಕಿನ ಚಿನಕುರಳಿಯಲ್ಲೇ ಇದೆ. ಪರರ ದಾಳಿಯಾದಾಗ ಪರಸ್ಪರ ನೆರವಾಗುವುದಾಗಿ ಹೈದರಾಲಿಯೂ ಇಂಗ್ಲಿಷ್ ಕಂಪನಿಯೂ 1769ರ ಮದರಾಸು ಒಪ್ಪಂದದಲ್ಲಿ ಮಾತು ಕೊಟ್ಟಿದ್ದರು. ಮರುವರ್ಷವೇ ಮರಾಠರು ಏರಿಬಂದರು. 1771ರ ಮಾರ್ಚಿಯಲ್ಲಿ, ಮೇಲುಕೋಟೆಯ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹಿಂದಿರುಗುತ್ತಿದ್ದ ಹೈದರನ ಸೈನ್ಯವನ್ನು ತ್ರ್ಯಂಬಕರಾಯನ ಪಡೆ ಚಿನಕುರಳಿಯ ಬಳಿ ಧೂಳೀಪಟ ಮಾಡಿತು. ಹೈದರ್ ಪ್ರಾಣ ಉಳಿಸಿಕೊಂಡು ಪಟ್ಟಣ ಸೇರಿದ.

ಮದರಾಸಿನ ನೆರವನ್ನು ಹೈದರನೂ ಕೋರಿದ್ದ, ಮರಾಠರೂ ಕೋರಿದ್ದರು. ಕಂಪನಿ ಯಾರ ಪರವಾಗಿಯೂ ಸೈನ್ಯ ಕಳುಹಿಸಲಿಲ್ಲ. ಇದನ್ನು ತಟಸ್ಥ ನೀತಿಯೆನ್ನುವವರುಂಟು; ಮಾತು ಕೊಟ್ಟವನಿಗೆ ತಟಸ್ಥನಾಗುವ ಹಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ.

ಹೈದರ್ ಇದನ್ನು ಮರೆಯಲಿಲ್ಲ. 1779ರಲ್ಲಿ ಇಂಗ್ಲಿಷರು ಮಾಹೆಯನ್ನು ಹಿಡಿದದ್ದೂ ಸೇರಿ, 1780ರಲ್ಲಿ ಅವನು ಆರ್ಕಾಟ್ ಸೀಮೆಗೆ ನುಗ್ಗಿದ. ಈ ಬಾರಿ ಮರಾಠರು ಅವನ ಕಡೆಗಿದ್ದರು. ಪೊಲ್ಲಿಲೂರಿನಲ್ಲಿ ಸೋತು ಸೆರೆಸಿಕ್ಕ ಇಂಗ್ಲಿಷ್ ಸೇನಾನಿ ಶ್ರೀರಂಗಪಟ್ಟಣದ ಬಂಧನದಲ್ಲಿಯೇ 1782ರಲ್ಲಿ ತೀರಿಕೊಂಡ. ಅವನ ಹೆಸರು ಕರ್ನಲ್ ಬೇಲಿ!