6,000 ಗುಂಡಿನ ಪರೀಕ್ಷೆ

ಮೊಬೈಲ್ ಗೇಮ್‌ಗಳಲ್ಲಿ ನೀವು ನೋಡಿರೋ ಎಂ1911 ಪಿಸ್ತೂಲಿನ ಕಥೆ ಇವತ್ತು.

1911ರ ಮಾರ್ಚ್. ಅಮೆರಿಕದ ಸೇನೆಗೆ ಹೊಸ ಪಿಸ್ತೂಲ್ ಬೇಕಿತ್ತು. ಕೊನೆಗೆ ಉಳಿದದ್ದು ಎರಡೇ ಕಂಪನಿ: ಕೋಲ್ಟ್, ಸ್ಯಾವೇಜ್. ಒಂದೊಂದರಿಂದಲೂ 6,000 ಗುಂಡು ಹಾರಿಸಿದರು. ಪಿಸ್ತೂಲ್ ಕಾದಾಗ ನೀರಲ್ಲಿ ಅದ್ದಿ, ಮತ್ತೆ ಶುರು. ಸ್ಯಾವೇಜ್ 37 ಸಲ ಕೈಕೊಟ್ಟಿತು. ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಒಂದು ಸಲವೂ ಕೈಕೊಡಲಿಲ್ಲ. ಆರ್ಡರ್ ಅದಕ್ಕೇ ಸಿಕ್ಕಿತು.

ಸರಿ, ಆದ್ರೆ ಪಾಯಿಂಟ್ 45ರಷ್ಟು ದಪ್ಪ ಗುಂಡೇ ಯಾಕೆ? ಅದಕ್ಕೆ ಫಿಲಿಪ್ಪೀನ್ಸ್‌ಗೆ ಹೋಗಬೇಕು. 1898ರ ಒಪ್ಪಂದದಲ್ಲಿ ಅಮೆರಿಕ 2 ಕೋಟಿ ಡಾಲರ್ ಕೊಟ್ಟು ಆ ದ್ವೀಪಗಳನ್ನು ಸ್ಪೇನ್‌ನಿಂದ ಪಡೆಯಿತು. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ದಕ್ಷಿಣದ ಮೋರೋ ಜನ ತಿರುಗಿಬಿದ್ದರು. ಪಾಯಿಂಟ್ 38 ರಿವಾಲ್ವರ್‌ನ ಗುಂಡು ತಗುಲಿದರೂ ಅವರು ಕತ್ತಿ ಹಿಡಿದು ನುಗ್ತಾರೆ ಅಂತ ಸೈನಿಕರ ದೂರು. 1904ರಲ್ಲಿ ಥಾಂಪ್ಸನ್, ಲಗಾರ್ಡ್ ಎಂಬ ಅಧಿಕಾರಿಗಳು ಜೀವಂತ ದನಗಳಿಗೂ ಹೆಣಗಳಿಗೂ ಗುಂಡು ಹೊಡೆದು ನೋಡಿ, ದಪ್ಪ ಗುಂಡೇ ಬೇಕು ಅಂದರು.

'ಒಳ್ಳೆ ಪಿಸ್ತೂಲ್' ಅನ್ನೋ ಮಾತಿನ ಹಿಂದೆ ಇದೂ ಇದೆ. ತಮ್ಮ ನೆಲ ಬಿಟ್ಟುಕೊಡದ ಮನುಷ್ಯನನ್ನು ಒಂದೇ ಗುಂಡಿಗೆ ಕೆಡವೋದು ಹೇಗೆ ಅನ್ನೋ ಲೆಕ್ಕ.